ಒಂದು ನಿಮಿಷ

ಭೂಕಂಪದ ಮಾರನೆಯ ಬೆಳಗ್ಗೆ ಕ್ರೈಸ್ಟ್‌ಚರ್ಚಿನ ಆ ಬೀದಿಯಲ್ಲಿ
ಮ್ಯಾನ್‌ಹೋಲುಗಳು ಸೊಂಟದೆತ್ತರ ಎದ್ದು ನಿಂತಿದ್ದವು,
ಜನರ ಜೊತೆ ಅವೂ ಹೊರಗೋಡಿ ಬಂದಂತೆ.
ನೋಲೀನ್ ತನ್ನ ಗೇಟಿನೆದುರಿನದರ ತಲೆ ಮೇಲೆ
ಜೆರೇನಿಯಂ ಕುಂಡವಿಟ್ಟು
ಎರಡು ವರ್ಷ ನೀರೆರೆದಳು.

ಈಗ ವಿಲಿಯಾಮಿ ಹೊಸದನ್ನು ಇಳಿಸಿದ್ದಾನೆ:
ಅಗಲ ಪಾದ, ತೇಲದಷ್ಟು ಭಾರ,
ಕೊಳವೆ ಕೂಡುವಲ್ಲಿ ರಬ್ಬರಿನ ಕೊರಳಪಟ್ಟಿ.
ನೆಲ ಆಡಿದರೆ ತಾನೂ ಆಡಲಿ,
ಬಾಯಿ ಮಾತ್ರ ಬಿಡಬಾರದು.

ಕೊಳವೆಗಳಿಗೆಲ್ಲ ಬಿರಡೆ ಜಡಿದು, ಒಳಗಿನ ಗಾಳಿ ಹೀರಿ,
ಗೇಜಿನ ಮುಳ್ಳು ನೋಡುತ್ತ ಕುಕ್ಕರುಗಾಲಲ್ಲಿ ಕೂತ.
ಒಂದು ನಿಮಿಷ.
ನೋಲೀನಳೂ ಉಸಿರು ಹಿಡಿದಳು, ಯಾಕೆಂದು ತಿಳಿಯದೆ.

ಕದಲಲಿಲ್ಲ.

ಬಿರಡೆ ಕಿತ್ತ ಮೇಲೆ ಕೇಳಿದಳು:
"ಇನ್ನು ನನ್ನ ಕಕ್ಕಸು ನನ್ನದೇ?"
ಅವನು ಗಂಭೀರವಾಗಿ ತಲೆಯಾಡಿಸಿದ.
ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ
ಅವನ ಬೂಟಿನಡಿ ಮೊದಲ ನೀರು
ಯಾರಿಗೂ ಹೇಳದೆ ದಾಟಿತು.