ಪಾಲಿಗೆ ಬಂದ ಕಲ್ಲಿದ್ದಲು

ಡಿಸೆಂಬರ್ ನಾಲ್ಕು. ಪೋಲೆಂಡಿನ ಬಿಟೋಮ್‌ನಲ್ಲಿ
ಗಣಿಯವರ ಸಂತ ಬಾರ್ಬರಾಳ ಹಬ್ಬ.
ಹಿಮ ಬೀಳಬೇಕಿತ್ತು. ಜಿಟಿಜಿಟಿ ಮಳೆ.

"ಬಾರ್ಬರಾ ಒದ್ದೆಯಾದರೆ ಕ್ರಿಸ್‌ಮಸ್ಸಿಗೆ ನೀರು ಕಲ್ಲಾಗುತ್ತೆ.
ಬೈಬಲ್ಲು ಸುಳ್ಳಾದರೂ ಗಾದೆ ಸುಳ್ಳಾಗದು,"
ಕಪ್ಪು ಕೋಟಿನ ಗುಂಡಿ ಹಾಕುತ್ತ ಅಪ್ಪ, ಎರ್ವಿನ್.
ಟೋಪಿಯ ಗರಿ ಹುಳ ತಿಂದು ಅರ್ಧವಾಗಿದೆ.

ಹಿತ್ತಲ ಕೆರೆ ಕಲ್ಲಾಗಿ ಆರು ವರ್ಷ.
ತಾರೀಖು ಬರೆದಿಟ್ಟಿದ್ದೇನೆ, ಗೋಡೆಯ ಬಿರುಕಿನ ಪಕ್ಕ:
ಅವನೇ ಅಗೆದ ಟೊಳ್ಳಿಗೆ
ಮನೆ ಕುಸಿದು ಬಿಟ್ಟ ಬಿರುಕು.

"ಸೂರ್ಯನ ಆಟ," ಅನ್ನುತ್ತಾನೆ. "ಜ್ವಾಲಾಮುಖಿ. ಚೀನಾ."
"ಹೊಗೆ, ಅಪ್ಪ."
"ಆ ಹೊಗೆಯಲ್ಲೇ ನಿನ್ನ ಕಾಲೇಜು ಫೀಸು ಕಟ್ಟಿದ್ದು."
ಇದಕ್ಕೆ ನನ್ನ ಬಳಿ ಗ್ರಾಫ್ ಇಲ್ಲ.

ಪಿಂಚಣಿಯ ಜೊತೆ ಬರುವ ಕಲ್ಲಿದ್ದಲು
ನೆಲಮಾಳಿಗೆಯಲ್ಲಿ. ಪಾಲಿಗೆ ಬಂದದ್ದು ಪಂಚಾಮೃತ.
ಒಂದು ಬಕೆಟ್ಟು ನಾನೇ ತಂದು ಒಲೆಗೆ ಸುರಿದೆ,
ಕೈ ಕಾಯಿಸಿಕೊಂಡೆ.
ಹಿತವಾಗಿತ್ತು.

ಬ್ಯಾಂಡಿನವರು ಕೊಡೆ ಹಿಡಿದು ಬೀದಿಗೆ ಬಂದರು.
ಅಪ್ಪ ಹೊಸ್ತಿಲಲ್ಲಿ ಅಂಗೈ ಚಾಚಿ
ಹನಿ ಹಿಡಿದು ನೋಡಿದ, ಮೂಸಿದ
ಸುರಂಗದ ಗಾಳಿ ಮೂಸುತ್ತಿದ್ದವನ ಹಾಗೆ.
ಏನೂ ಹೇಳಲಿಲ್ಲ.

ಟೋಪಿ ತೆಗೆದು ಕೋಟಿನೊಳಗೆ ಇಟ್ಟುಕೊಂಡ,
ಉಳಿದರ್ಧ ಗರಿಯಾದರೂ
ನೆನೆಯದಿರಲೆಂದು.