ಒಂದು ನೂಲು

ಸೀಟ ಇಲ್ಲದ ಸೈಕಲ್ಲೊಂದು ಮಾಡಿಕೊಡು, ಸಕ್ರಪ್ಪ ಕಾಕಾ, ಅಂತ
ಹುಲಿಗೆಮ್ಮ ಬಂದಾಗ
ನಾನು ನೀರಿನ ಟ್ಯಾಂಕರಿನ ಬುಡಕ ಅಂಗಾತ ಬಿದ್ದಿದ್ದೆ.
ಸೀಟ ಇಲ್ಲದ್ದು ಸೈಕಲ್ ಹ್ಯಾಂಗ ಆದೀತವ್ವಾ?
ಅಕಿ ಇಳಕಲ್ಲಿನ ಕ್ವಾರಿ ಕಡೆ ಕೈ ಮಾಡಿದ್ಲು:
ಒಡದು ಒಗದ ಕೆಂಪು ಗ್ರಾನೈಟು,
ಬಿರುಕು ಬಿಟ್ಟದ್ದಕ್ಕ ಯಾರೂ ಕೊಳ್ಳದ ಕಲ್ಲು,
ಒಂದರ ಮ್ಯಾಲೊಂದು, ಲಾರಿಯಷ್ಟೆತ್ತರ.
ಅದನ್ನ ಹತ್ತಬೇಕು. ಕಾಲು ಊರಬಾರದು.
ಕುಂತು ಹತ್ತೂ ಕಲ್ಲಲ್ಲ ಕಾಕಾ ಅದು.

ಮೊದಲನೇದ್ದು ನನಗ ಗೊತ್ತಿದ್ದಂಗ ಮಾಡಿದೆ.
ವಿಜಾಪುರದ ಹುಡುಗರು ಹೈವೇದಾಗ
ತಲಿ ಬಗ್ಗಿಸಿ ಹೊಡೀತಾರಲ್ಲ, ಅಂಥಾ ಉದ್ದನ್ನ ಚೌಕಟ್ಟು.
ರಸ್ತಾದಾಗ ಬಾಣ.
ಕಲ್ಲಿನ ಮುಂದ ಗಬ್ಬಾದ ಎಮ್ಮಿ.
ಹಿಂದಿನ ಗಾಲಿ ಪೆಡಲಿಗಿ ಅಷ್ಟು ದೂರ ಇದ್ರ
ಮುಂದಿನದು ಯಾಕ ಎದ್ದೀತು?

ಮರುದಿನ ಅಕಿ ಕಂಪಾಸ್ ಪೆಟ್ಟಿಗಿ ತಂದ್ಲು,
ಮೂಲಿ ಮುರಿದ ಕೋನಮಾಪಕ.
ನಾನು ನೆಲಕ್ಕ ಸುಣ್ಣದ ಗೆರಿ ಎಳದೆ.
ಹಿಂದಿನ ಕೊಳವಿ ನಾಕು ಬೆರಳು ಕೊಯ್ದೆ.
ಗಾಲಿಯ ಅಚ್ಚಿಗಿಂತ ಮ್ಯಾಲೆ ತಂದೆ ಪೆಡಲಿನ ಅಚ್ಚು.
ಹ್ಯಾಂಡಲಿನ ಕುತ್ತಿಗಿ ಎಪ್ಪತ್ತರಿಂದ ಎಪ್ಪತ್ತಮೂರಕ್ಕ ಎತ್ತಿದೆ,
ನಿಂತಲ್ಲೇ ತಿರುಗಲಿ ಅಂತ,
ನಿಂತಾಗ ಗಾಲಿ ಮಗ್ಗಲಿಗಿ ಜೋತು ಬೀಳಬಾರದಂತ.
ಈಗ ಮುಂದಿನ ಗಾಲಿ ಮುಟ್ಟಿದ್ರ ಏಳತಿತ್ತು.
ಎದ್ದದ್ದು ಇಳಿಯೂದ ಮರೀತಿತ್ತು.
ಬೆನ್ನಮ್ಯಾಲೆ ಬಿದ್ಲು ಹುಲಿಗೆಮ್ಮ,
ಎದ್ದು ನಕ್ಕು ಮತ್ತ ಬಿದ್ಲು.
ಎಷ್ಟು ಗಿಡ್ಡ ಆದ್ರ ಸಾಕು ಅನ್ನೂದು
ಕೋನಮಾಪಕದಾಗ ಇರೂದಿಲ್ಲ, ಬೆನ್ನಿನ್ಯಾಗ ಇರತೈತಿ.

ಮೂರನೇದ್ದಕ್ಕ ಒಂದು ಬೆರಳು ವಾಪಸ್ ಕೊಟ್ಟೆ.

ಆಮ್ಯಾಲೆ ಕ್ವಾರಿಯಾಗ ಡ್ರಿಲ್ ಬಂದ್ ಆಗೂದು
ಊಟಕ್ಕಷ್ಟೇ ಅಲ್ಲ, ಅಕಿ ಬಂದಾಗೂ.
ಬ್ರೇಕಿನ ಒಂದು ಚೀಂ, ಒಂದು ಕುಪ್ಪಳಿಕಿ,
ಹಿಂದಿನ ಗಾಲಿ ಒಂದರ ಮ್ಯಾಲೇ
ಗೇಣಗಲದ ಅಂಚಿನ್ಯಾಗ ನಿಂತು
ಮುಂದಿನ ಕಲ್ಲನ್ನ ಓದಾಕಿ.
ಜಲ್ಲಿ ಹೊರೂ ಅವರವ್ವ ಮಾತ್ರ ತಲಿ ಎತ್ತಲಿಲ್ಲ:
ಬಿದ್ದ ಮ್ಯಾಲೆ ಹೇಳ್ರಿ.

ದಸರಾದ ಹಿಂದಿನ ದಿನ
ಚೈನು ಬದಲಿಸಾಕ ಬಿಟ್ಟು ಹ್ವಾದ್ಲು.
ಸುಮ್ನ ದಾರ ಹಿಡದು ನೋಡಿದೆ.
ಎಡಗಡೆ ಕೊಳವಿ ಒಂದು ನೂಲು ಉದ್ದ.
ಬೆಸುಗಿ ಆರುವಾಗ ಕಬ್ಬಿಣ ತನ್ನ ಕಡೆ ಎಳಕೊಂಡಿತ್ತು,
ನಾ ನೋಡಿರಲಿಲ್ಲ.
ನಮ್ಮಪ್ಪ ಮಗ್ಗದಾಗ ಒಂದು ನೂಲು ತಪ್ಪಿದ್ರ
ಮೊಳಗಟ್ಟಲೆ ಸೀರಿ ಬಿಚ್ಚತಿದ್ದ.
ಅವನ ಮಗ ನಾನು. ರಾತ್ರಿ ನಿದ್ದಿ ಹತ್ತಲಿಲ್ಲ.
ಕೊಯ್ದು, ಕೂಡಿಸಿ, ಬಣ್ಣ ಬಳದು,
ಅಕಿಗಿ ಹೇಳದ ಕೊಟ್ಟೆ.

ಸಂಜಿಗೆ ಬಂದ್ಲು. ಮೊಣಕೈ ಕೆತ್ತಿತ್ತು.
ಏನ ಮಾಡಿದಿ ಕಾಕಾ?
ನೆಟ್ಟಗ ಮಾಡೀನಿ.
ಸೊಟ್ಟ ಯಾವಾಗಿತ್ತು?
ಸುಮ್ನ ನಿಂತೆ.
ಕಲ್ಲಿನ ತುದಿಗಿ ನಿಂತಾಗ, ಅಂದ್ಲು,
ತುಸು ಎಡಕ್ಕ ಕರೀತಿತ್ತು ಅದು.
ಅಲ್ಲೇ ನಾನೂ ನಿಂದರತಿದ್ದೆ. ಅದನ್ನ ವಾಪಸ್ ಕೊಡು.

ಕಾಸಿದೆ, ಎಳದೆ, ಎರಡು ನೂಲು ಹೋತು.
ಹಿಂದಕ್ಕ ತಂದ್ರ ಅರ್ಧ ನೂಲು.
ದಾರಕ್ಕ ಸರಿ ಅನಿಸಿದ್ದು ಅಕಿ ಕಾಲಿಗೆ ಒಗ್ಗವಲ್ದು.
ಬೆಂಕಿ ತಾನಾಗಿ ಮಾಡಿದ ತಪ್ಪು
ಮೂವತ್ತು ವರ್ಷದ ಕೈಗೆ ಬರವಲ್ದು.
ಕಡೀಕ ನೆಟ್ಟಗೇ ಮಾಡಿ ಕೊಟ್ಟೆ.
ಏನೂ ಅನ್ನದ ತಳ್ಳಿಕೊಂಡು ಹ್ವಾದ್ಲು,
ಕುಳ್ಳಾಕ ಬಾರದ ಸೈಕಲ್ಲು, ಕ್ವಾರಿಗಿ ಮೂರು ಮೈಲಿ.

ದಿನಾ ಸಂಜಿ ಅಂಗಡಿ ಮುಂದ ಹಾದು ಹೋಗತಾಳ.
ಮೊದಲ ವಾರ ಬಲ ಮೊಣಕಾಲಿಗಿ ಕೆಂಪು ಧೂಳು.
ಎರಡನೇ ವಾರ ಎರಡಕ್ಕೂ.
ನಿನ್ನಿ ನೋಡಿದೆ, ಎರಡೂ ಸ್ವಚ್ಛ.
ಒಳಗ ಬರಲಿಲ್ಲ.

ನೆಲದ ಮ್ಯಾಲೆ ಆ ಗೆರಿ ಇನ್ನೂ ಐತಿ,
ಅದರ ಬಾಜೂಕ, ಒಂದು ನೂಲಿನಾಚೆ, ಇನ್ನೊಂದು.
ಕಸ ಹೊಡಿಯೂ ಹುಡುಗಗ ಹೇಳೀನಿ,
ಆ ಮೂಲಿ ಬಿಡು.