ಒದ್ದೆ ಬೆರಳು

ಒಂಬತ್ತು ದಿನಕ್ಕೊಮ್ಮೆ ನಮ್ಮ ಓಣಿಗೆ ನೀರು.
ಯಾವ ದಿನ ಒಂಬತ್ತನೆಯದು ಎಂಬುದೇ ಜಗಳ.
ಅದಕ್ಕೇ ಕಟ್ಟಿದೆ, ಇಷ್ಟೇ ಇಷ್ಟು ವೆಬ್ ಆ್ಯಪು:
ವಾಲ್ವು ತಿರುವಿದವರು ಒಂದು ಗುಂಡಿ ಒತ್ತಬೇಕು,
ಕಾದವರಿಗೆ ಕಾಣಬೇಕು, ಬಂತು ಅಥವಾ ಇಲ್ಲ.
ನಡುವೆ ನಾನು,
ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆ,
ತಿಂಗಳಿಗೆ ಮುನ್ನೂರರ ಬಾಡಿಗೆ ಸರ್ವರು.

ನನ್ನ ಲ್ಯಾಪ್‌ಟಾಪಿನಲ್ಲಿ ಅದು ಮೀನಿನ ಹಾಗೆ ಓಡುತ್ತಿತ್ತು.
ವಿಜಯಪುರದ ನಕಾಶೆ, ಓಣಿ ಓಣಿಗೆ ನೀಲಿ,
ಪೈಪಿನೊಳಗೆ ಹನಿ ಹರಿಯುವ ಹಾಗೊಂದು ಚಿತ್ರ.
ಎರಡು ರಾತ್ರಿ ಆ ಹನಿಗೇ ಹೋದವು.
ಯಾರೂ ಕೇಳಿರಲಿಲ್ಲ. ನನಗೆ ಬೇಕಿತ್ತು.

ಮೊದಲ ಸಲ ಬಿಟ್ಟದ್ದು ನಸುಕಿನ ನಾಲ್ಕೂಕಾಲಿಗೆ.
ಒಬ್ಬರು ನೋಡಿದರು, ಗೋಡೆಯಾಚೆ ಕೂಗಿದರು,
ಗೋಡೆಯಾಚೆಯವರು ನೋಡಿದರು.
ಏಳುನೂರು ಮನೆ, ಏಳುನೂರು ಹೆಬ್ಬೆರಳು
ನಾನು ಕೊಂಡ ಸಣ್ಣ ಕೊಳವೆಯ ಮೇಲೆ ಒಮ್ಮೆಗೇ.
ಪರದೆಯ ನಡುವೆ ದುಂಡಗೊಂದು ಗೆರೆ
ತಿರುಗಿತು, ತಿರುಗಿತು.
ಗಾಣ ತಿರುಗಿದರೆ ಎಣ್ಣೆಯಾದರೂ ಬರುತ್ತದೆ.
ಹನಿಯ ಚಿತ್ರ ಇಳಿದು ಬರುವಷ್ಟರಲ್ಲಿ
ಹನಿ ಹರಿದು ಮುಗಿದಿತ್ತು.

ಕೊನೆಯ ಮನೆ ಬೋರಮ್ಮ ಅವಟಿಯವರದು.
ಅವರ ನಳಕ್ಕೆ ನೀರು ಮುಟ್ಟುವುದೂ ಎಲ್ಲರ ನಂತರ,
ಫೋನಿಗೆ ಸುದ್ದಿ ಮುಟ್ಟುವುದೂ.
ಅಂಗಡಿಗೆ ಬಂದು ಖಾಲಿ ಕೊಡ ಕೌಂಟರಿನ ಮೇಲಿಟ್ಟರು,
ಜೆರಾಕ್ಸಿಗೆ ಕೊಟ್ಟ ಹಾಗೆ.
"ನೀಲಿ ಬಂದ್ರ ಬಂತೋ, ನೀಲಿ ಹೋದ್ರ ಬಂತೋ?
ನನಗ ಬಣ್ಣ ಬ್ಯಾಡ ತಂಗಿ. ಮಾತು ಹೇಳು."

ವಾಲ್ವಿನ ದಸ್ತಗೀರ ಮಾಮಾ ಬೈಯಲಿಲ್ಲ,
ಮುಂದಿನ ಪಾಳಿಗೆ ಕರೆದುಕೊಂಡು ಹೋದರು.
ಬ್ಯಾಟರಿಯ ಬೆಳಕು, ಮೊಣಕಾಲುಮಟ್ಟ ನೀರು ನಿಂತ ಗುಂಡಿ,
ಆಳೆತ್ತರದ ಕಬ್ಬಿಣದ ಕೀಲಿ.
ಹನ್ನೊಂದು ಸುತ್ತು, ಎಣಿಸುತ್ತ.
ಆ ಗುಂಡಿಯಿಂದ ಎದ್ದು ನನ್ನ ಗುಂಡಿ ಒತ್ತಿದರು.
ಒತ್ತಿದರು.
ಇನ್ನೊಮ್ಮೆ.
ಒದ್ದೆ ಬೆರಳಿನ ಗುರುತೇ ಹತ್ತಲಿಲ್ಲ ಗಾಜಿಗೆ.
ಅಂಗಿಗೆ ಒರೆಸಿದರೆ ಅಂಗಿಯೂ ಒದ್ದೆ.
ಕಡೆಗೆ ಮೂಗಿನ ತುದಿಯಿಂದ ಒತ್ತಿ ನಕ್ಕರು:
"ನೀರಿನ ಆ್ಯಪ್ ಮಾಡೀಯವಾ,
ನೀರು ಹತ್ತಿದ ಕೈ ಮರತೀ."

ಮೂಗು ಪಕ್ಕದ ಗುಂಡಿಗೂ ತಾಗಿ
ಜೋರಾಪುರ ಪೇಟೆಗೂ ನೀರು ಬಂದಿತ್ತು, ಪರದೆಯ ಮೇಲೆ.
ಆ ಬೆಳಗು ಅಲ್ಲಿ ಎಷ್ಟು ಜನ ಕೊಡ ಹಿಡಿದು ನಿಂತರೋ
ನಾನು ಕೇಳಿಲ್ಲ.
ಈವರೆಗೂ ಕೇಳಿಲ್ಲ.

ಮರಳುವಾಗ ತೋರಿಸಿದರು ಹಳೆಯ ಗಂಜು:
ಬಾದಶಹರ ಕಾಲದ ಕಲ್ಲಿನ ನೀರಗಂಬ,
ನೆತ್ತಿಯಲ್ಲಿ ಅರಳಿಯ ಸಸಿ,
ಬುಡಕ್ಕೆ ಯಾರೋ ಕಟ್ಟಿದ ಆಡು.
"ಸೀದಾ ಬಿಟ್ರ ಮಣ್ಣಿನ ಕೊಳವಿ ಒಡೀತಿತ್ತು.
ಅದಕ್ಕ ಇಲ್ಲಿ ಏರಿಸಿ, ದಮ್ಮ ಹಿಡಿಸಿ,
ರಾಡಿ ತಳಕ್ಕ ಕೂಡ್ರಿಸಿ, ಆಮ್ಯಾಲ ಮುಂದ."
ಆಡು ನನ್ನ ಚೀಲ ಮೂಸುತ್ತಿತ್ತು. ನಾನು ನಿಂತೇ ಇದ್ದೆ.
ಏಳುನೂರು ಮಂದಿಗೂ ಇರುವುದು ಒಂದೇ ಉತ್ತರ;
ಒಬ್ಬೊಬ್ಬರಿಗೂ ನಾನು ಬಾವಿಯ ತಳಕ್ಕಿಳಿದು ತರುತ್ತಿದ್ದೆ.
ಒಮ್ಮೆ ಸೇದಿ ಮೇಲಿಟ್ಟರೆ ಸಾಕಿತ್ತು.

ನಕಾಶೆ ಕಿತ್ತೆ.
ಹನಿಯನ್ನು ಕೀಳಲು ಸ್ವಲ್ಪ ಹೊತ್ತು ಹಿಡಿಯಿತು.
ಈಗ ಒಂದೇ ಸಾಲು, ಕನ್ನಡಕ ಮರೆತವರಿಗೂ ಸಿಗುವಷ್ಟು ದಪ್ಪ:
ನೀರು ಬಂದದ, ನಾಲ್ಕೂಕಾಲಿಗೆ.
ಮಾಮಾನಿಗೆ ಪರದೆಯೇ ಇಲ್ಲ. ವಾಲ್ವಿಗೊಂದು ನಂಬರು,
ಹಳೆಯ ಕೀಪ್ಯಾಡ್ ಫೋನಿನಿಂದ ಒಂದು ಮಿಸ್ಡ್ ಕಾಲು.
ಆ ಫೋನು ಎರಡು ಸಲ ಗುಂಡಿಗೆ ಬಿದ್ದು ಎದ್ದಿದೆ.

ಬೋರಮ್ಮ ಮಾತ್ರ ನಳ ತೆರೆದಿಟ್ಟು,
ಕೆಳಗೆ ಸ್ಟೀಲಿನ ತಟ್ಟೆ ಬೋರಲು ಹಾಕಿಯೇ ಮಲಗುತ್ತಾರೆ.
ಮೊದಲ ಹನಿಗೆ ತಟ್ಟೆ ಬಡಿದುಕೊಳ್ಳುತ್ತದೆ.
ಅದು ಎಂದೂ ತಿರುಗುತ್ತ ಕೂತಿಲ್ಲ,
ಅದರ ಚಾರ್ಜು ಎಂದೂ ಮುಗಿದಿಲ್ಲ.

ಹೋದ ಪಾಳಿಯಲ್ಲಿ ನನ್ನ ಸಾಲು
ತಟ್ಟೆಗಿಂತ ಎಂಟು ನಿಮಿಷ ಮೊದಲು ಮುಟ್ಟಿತಂತೆ.
ಬಂದು ಹೇಳಿದರು, ಲೆಕ್ಕ ಒಪ್ಪಿಸುವ ಹಾಗೆ:
"ಎಂಟು ನಿಮಿಷ ಅಂದ್ರ ಒಂದು ಚಾ ಆಗ್ತದ ತಂಗಿ.
ಚಾಕ್ಕ ನೀರಿದ್ರ."